ಕೆಟ್ಟವರನ್ನಷ್ಟೇ ಕೊಂದೆ ಅಂದರೆ ಕ್ಷಮಿಸಿಬಿಡಬೇಕಾ?

ಹುಬ್ಬಳ್ಳಿ ನೈಟ್ ಡ್ಯೂಟಿ

ನಾನು ಹುಬ್ಬಳ್ಳಿಯ ಒಂದು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. ರಾತ್ರಿ ಪಾಳಿಯಲ್ಲಿ ಕೆಲಸ ಕಡಿಮೆ ಇದ್ದಾಗ ವ್ಯಾಂಪೈರ್ ಪ್ರೇಮಕಥೆ ಓದುತ್ತೇನೆ. ನಗಬೇಡಿ, ನಮ್ಮ ಸ್ಟಾಫ್ ಎಲ್ಲ ಆಗಲೇ ನಕ್ಕು ಮುಗಿಸಿದ್ದಾರೆ.

2005ರ ‘ಟ್ವೈಲೈಟ್’ ಓದಿದವರಿಗೆ ಈ ಪ್ರಶ್ನೆ. 1918ರಲ್ಲಿ ಎಡ್ವರ್ಡ್ ಸ್ಪ್ಯಾನಿಷ್ ಫ್ಲೂ ಬಂದು ಸಾಯುತ್ತಿದ್ದಾಗ ಡಾಕ್ಟರ್ ಕಾರ್ಲೈಲ್ ಅವನನ್ನು ವ್ಯಾಂಪೈರ್ ಮಾಡುತ್ತಾನೆ. ಆ ಮನೆಯಲ್ಲಿ ಪ್ರಾಣಿಗಳ ರಕ್ತ ಮಾತ್ರ, ಮನುಷ್ಯರನ್ನು ಮುಟ್ಟುವ ಹಾಗಿಲ್ಲ. ಹತ್ತು ವರ್ಷಕ್ಕೆ ಎಡ್ವರ್ಡ್‌ಗೆ ಅದು ಸಾಕಾಗುತ್ತದೆ. ಮನೆ ಬಿಟ್ಟು ಹೋಗಿ ಕೆಲವು ವರ್ಷ ಮನುಷ್ಯರನ್ನೇ ಬೇಟೆಯಾಡುತ್ತಾನೆ. ಬೇರೆಯವರ ಮನಸ್ಸಿನ ಮಾತು ಅವನಿಗೆ ಕೇಳಿಸುತ್ತದಲ್ಲ, ಹಾಗಾಗಿ ಕೊಲೆಗಡುಕರಂಥವರನ್ನೇ ಹುಡುಕಿ ಕೊಂದೆ, ಅಮಾಯಕರನ್ನು ಬಿಟ್ಟೆ ಅಂತ ತಾನು ಪ್ರೀತಿಸುವ ಹುಡುಗಿ ಬೆಲ್ಲಾ ಮುಂದೆ ಹೇಳಿಕೊಳ್ಳುತ್ತಾನೆ. ಹೇಸಿಗೆ ಆಗಲಿಲ್ಲವಾ ಅಂತ ಅವನೇ ಕೇಳಿದರೆ, ಇವಳು ಇಲ್ಲ, ನೀನು ಮಾಡಿದ್ದು ಸರಿಯಾಗೇ ಕಾಣುತ್ತದೆ ಅನ್ನುತ್ತಾಳೆ. ಮುಗೀತು. ಮಾತು ಬೇರೆ ಕಡೆ ಹೋಗುತ್ತದೆ.

ನಾನು ಪುಸ್ತಕ ಮಡಚಿಟ್ಟೆ. ಯಾಕೆ ಅಂದರೆ, ಈಚೆಗೆ ಒಂದು ರಾತ್ರಿ ಚಾಕು ಹಾಕಿಕೊಂಡ ಜಗಳದ ಕೇಸ್ ಬಂತು. ಹಾಕಿದವನಿಗೂ ಪೆಟ್ಟು, ಹಾಕಿಸಿಕೊಂಡವನಿಗೂ ಪೆಟ್ಟು. ಇಬ್ಬರ ಸ್ಯಾಂಪಲ್ಲೂ ಒಟ್ಟಿಗೇ ನನ್ನ ಮೇಜಿಗೆ ಬಂದವು. ಟ್ಯೂಬಿನ ಮೇಲೆ ಹೆಸರು, ವಯಸ್ಸು, ವಾರ್ಡು, ನಂಬರು. ಚಾಕು ಯಾರ ಕೈಯಲ್ಲಿತ್ತು ಅಂತ ಅದರ ಮೇಲೆ ಬರೆದಿರುವುದಿಲ್ಲ. ಇಬ್ಬರದೂ ಬಿ ಪಾಸಿಟಿವ್. ಕ್ರಾಸ್‌ಮ್ಯಾಚ್ ಮಾಡಿ, ಅಂದರೆ ರಕ್ತ ಹೊಂದುತ್ತದಾ ಅಂತ ನೋಡಿ, ಒಂದೇ ಫ್ರಿಡ್ಜಿನಿಂದ ಇಬ್ಬರಿಗೂ ಚೀಲ ಕಳಿಸಿದೆ. ಇನ್ನು ರಕ್ತ ಕೊಡುವವರ ವಿಷಯಕ್ಕೆ ಬಂದರೆ ಹದಿನೆಂಟು ತುಂಬಿರಬೇಕು, 45 ಕಿಲೋ ತೂಕ ಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಇಷ್ಟೆಲ್ಲ ಇದ್ದರೂ ಫಾರ್ಮಿನ ಮೇಲೆ ಸಹಿ ಇಲ್ಲದಿದ್ದರೆ ನಾನು ಸೂಜಿ ಚುಚ್ಚುವ ಹಾಗಿಲ್ಲ. ಇವನು ನೋಡಿದರೆ ತಾನೇ ಜಡ್ಜು, ತಾನೇ ಜಲ್ಲಾದ, ಮೇಲೆ ತನ್ನ ಊಟವೂ ಆಯಿತು!

ನನ್ನ ತಂಗಿ ಧಾರವಾಡದಲ್ಲಿ ಎಂ.ಎ. ಮಾಡುತ್ತಿದ್ದಾಳೆ. “ಅಕ್ಕಾ, ನೀನು ಪ್ರೇಮಕಥೆಗೂ ಇನ್‌ಸ್ಪೆಕ್ಷನ್ ಮಾಡಾಕತ್ತಿ” ಅಂತ ಬೈದಳು. ಇರಬಹುದು. ಆದರೂ ಕೇಳುತ್ತೇನೆ: ಬೆಲ್ಲಾ ನಿಜವಾಗಿ ಕ್ಷಮಿಸಿದಳಾ, ಅಥವಾ ಸುಮ್ನೆ ಆ ಕಡೆ ನೋಡಲೇ ಇಲ್ಲವಾ?

ಬ್ಯಾಡಗಿ ಖಾರ

ಅಕ್ಕಾರ, ಹುಡುಗಿಗೆ ಹದಿನೇಳು ವರ್ಷ. ಹುಡುಗ ಚೆಂದ, ಮೇಲೆ ವೋಲ್ವೋ ಕಾರು. ನನಗೆ ಆ ವಯಸ್ಸಿನಲ್ಲಿ ಲೂನಾ ಇದ್ದವನು ಹೇಳಿದ್ದೂ ವೇದವಾಕ್ಯ ಆಗಿತ್ತು. ಅವಳು ಕ್ಷಮಿಸಲೂ ಇಲ್ಲ, ಬಿಡಲೂ ಇಲ್ಲ. ಅವಳ ಕಿವಿಗೆ ಅದು ಬಿದ್ದೇ ಇಲ್ಲರೀ.

ಸಪ್ತಾಪುರ ಓದುಗ

ನನ್ನ ತಕರಾರು ಬೇರೆ. ಬೆಲ್ಲಾ ಕ್ಷಮಿಸಲಿಕ್ಕೆ ಅವಳಿಗೆ ಏನಾಗಿದೆ? ಸತ್ತವರು ಅವಳ ಕಡೆಯವರಲ್ಲ. ಕೈಯಿಂದ ಒಂದು ಪೈಸೆ ಹೋಗದ ಕ್ಷಮೆ ಅದು.

ನೀವು ಆನ್ ರೈಸ್ ಬರೆದ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ ಓದಿ. 1976ರದು. ನ್ಯೂ ಆರ್ಲಿಯನ್ಸ್‌ನಲ್ಲಿ ಸಾಂಕ್ರಾಮಿಕ ರೋಗ. ಸತ್ತ ತಾಯಿಯ ಪಕ್ಕ ಐದು ವರ್ಷದ ಕ್ಲಾಡಿಯಾ ಅಳುತ್ತಿರುತ್ತಾಳೆ. ಹಸಿವು ತಡೆಯಲಾರದೆ ಲೂಯಿ ಅನ್ನುವ ವ್ಯಾಂಪೈರ್ ಆ ಮಗುವಿನ ರಕ್ತ ಕುಡಿಯುತ್ತಾನೆ. ಆಮೇಲೆ ಲೂಯಿಯನ್ನು ವ್ಯಾಂಪೈರ್ ಮಾಡಿದ ಲೆಸ್ಟಾಟ್ ಅವಳನ್ನೂ ವ್ಯಾಂಪೈರ್ ಮಾಡುತ್ತಾನೆ, ಲೂಯಿ ತನ್ನನ್ನು ಬಿಟ್ಟು ಹೋಗದಿರಲಿ ಅಂತ. ವರ್ಷಗಳು ಕಳೆದ ಹಾಗೆ ಅವಳ ಬುದ್ಧಿ ದೊಡ್ಡ ಹೆಂಗಸಿನದಾಗುತ್ತದೆ, ಮೈ ಐದು ವರ್ಷದ್ದೇ. ಲೆಸ್ಟಾಟ್‌ನನ್ನು ಅವಳು ಕೊಲ್ಲಲು ನೋಡುತ್ತಾಳೆ, ಅದು ಸರಿ. ಆದರೆ ಲೂಯಿ? ಅವಳಿಗೆ ಅವನೇ ಅಪ್ಪ, ಅವನೇ ಪ್ರೀತಿ. ಅವನೂ ಈ ಪಾಪದಲ್ಲಿ ಪಾಲುದಾರ ಅಂತ ಗೊತ್ತಾದ ಮೇಲೂ ಅವನ ಜೊತೆಗೇ ಇರುತ್ತಾಳೆ. ದ್ವೇಷವನ್ನೂ ಬಿಡುವುದಿಲ್ಲ. ಅಲ್ಲಿ ಕ್ಷಮೆಯ ಪ್ರಶ್ನೆಗೆ ತೂಕ ಇದೆ, ಯಾಕೆಂದರೆ ಏಟು ತಿಂದವಳು ಅವಳೇ.

ಗದಗ ಮಾಸ್ತರ

ತಂಗೀ, ನಾನು ನಿಮ್ಮ ವ್ಯಾಂಪೈರ್ ಓದಿದವನಲ್ಲ, ಮೊಮ್ಮಗಳ ಜೊತೆ ಸಿನಿಮಾ ಅರ್ಧ ನೋಡಿದ್ದೇನೆ. ಆದರೆ ‘ಕೆಟ್ಟವರನ್ನಷ್ಟೇ’ ಅನ್ನುವ ವಾದ ಕೇಳಿ ಜನ್ನನ ‘ಯಶೋಧರ ಚರಿತೆ’ ನೆನಪಾಯಿತು. 1209ರ ಕಾವ್ಯ. ಯಶೋಧರ ರಾಜ ಜೀವಬಲಿ ಬೇಡ ಅಂತಾನೆ, ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿ ಮಾಡಿಸಿ ಕಡಿಯುತ್ತಾನೆ. ಆ ಹಿಟ್ಟಿನ ಕೋಳಿ ಕೂಗುತ್ತದೆ! ಜೀವ ಇಲ್ಲದ್ದನ್ನು ಕಡಿದರೂ ಕಡಿಯುವ ಮನಸ್ಸಿತ್ತಲ್ಲ, ಅದಕ್ಕೇ ತಾಯಿ ಮಗ ಇಬ್ಬರೂ ನಾಯಿ, ನವಿಲು ಅಂತ ಜನ್ಮ ಜನ್ಮ ಅಲೆಯುತ್ತಾರೆ. ಜನ್ನನ ಮುಂದೆ ನಿಮ್ಮ ಹುಡುಗನ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಮಾತು. ಕಡೆಗೆ ಅವರು ಅಣ್ಣ ತಂಗಿಯಾಗಿ ಹುಟ್ಟಿ, ಮಾರಿಗೆ ಬಲಿ ಕೊಡಲಿಕ್ಕೆ ಅಂತ ಮಾರಿದತ್ತ ರಾಜನ ಎದುರು ನಿಲ್ಲುತ್ತಾರೆ. ಅವನು ಅವರ ಕಥೆ ಪೂರ್ತಿ ಕೇಳುತ್ತಾನೆ. ಕೇಳಿ ಹಿಂಸೆ ಬಿಡುತ್ತಾನೆ. ನಿಮ್ಮ ಹುಡುಗನೂ ಬಿಟ್ಟನೋ ಇಲ್ಲವೋ, ಅದನ್ನು ಹೇಳಿ.

ಹುಬ್ಬಳ್ಳಿ ನೈಟ್ ಡ್ಯೂಟಿ

ಬಿಟ್ಟ ಮಾಸ್ತರ್ರೇ. ತಾನಾಗಿಯೇ ಕಾರ್ಲೈಲ್ ಹತ್ತಿರ ವಾಪಸ್ ಬಂದ. ಅದಕ್ಕೆ ಅವನಿಗೆ ಮಾರ್ಕ್ಸ್ ಕೊಡುತ್ತೇನೆ.

ಆದರೆ ನೀವು ‘ಪೂರ್ತಿ ಕೇಳುತ್ತಾನೆ’ ಅಂದಿರಲ್ಲ, ನನ್ನ ಸಿಟ್ಟು ಇರುವುದು ಅಲ್ಲೇ. ಬೆಲ್ಲಾ ಪೂರ್ತಿ ಕೇಳಲೇ ಇಲ್ಲ. ಯಾರು, ಯಾವ ಊರಿನವರು, ಮನೆಯಲ್ಲಿ ಯಾರಿದ್ದರು, ಒಂದೂ ಇಲ್ಲ. ಅವನಿಗೆ ಮನಸ್ಸಿನ ಮಾತೆಲ್ಲ ಕೇಳಿಸುತ್ತಿತ್ತು ಅಲ್ವಾ? ಹಾಗಾದರೆ ಸಾಯುವ ಹೊತ್ತಿನಲ್ಲಿ ಆ ಕೊಲೆಗಡುಕ ಯಾರನ್ನು ನೆನೆದ ಅನ್ನುವುದೂ ಕೇಳಿಸಿರಬೇಕು. ಅವ್ವನನ್ನೋ, ಮಗಳನ್ನೋ. ಅದನ್ನು ಹೇಳು ಅಂತ ಅವಳು ಕೂತು ಕೇಳಿ, ಅವನು ಹೇಳಿ, ಆಮೇಲೂ ಅವಳು ಅವನ ಕೈ ಹಿಡಿದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ.

ಬ್ಯಾಡಗಿಯವರೇ, ಲೂನಾದವನ ಕಥೆ ಬೇರೆ ಥ್ರೆಡ್‌ನಲ್ಲಿ ಬರೆಯಿರಿ, ಓದಲು ನಾನಿದ್ದೇನೆ.

ಸಪ್ತಾಪುರದವರೇ, ಕ್ಲಾಡಿಯಾ ಪುಸ್ತಕ ನಿಮ್ಮ ಹತ್ತಿರ ಇದ್ದರೆ ಎರವಲು ಕೊಡುತ್ತೀರಾ? ತಂಗಿ ಇರುವ ಪಿ.ಜಿ. ಧಾರವಾಡದ ನಿಮ್ಮ ಸಪ್ತಾಪುರದಲ್ಲೇ ಇದೆ. ಶನಿವಾರ ಚಿಗರಿ ಬಸ್ಸಿಗೆ ಮನೆಗೆ ಬರುತ್ತಾಳೆ, ಅವಳ ಕೈಗೆ ಕೊಟ್ಟರೂ ಆಯಿತು. ಆದರೆ ಅವಳಿಗೆ ಇನ್‌ಸ್ಪೆಕ್ಷನ್‌ಗೆ ಅಂತ ಹೇಳಬೇಡಿ.