ಗೋಡೆ ‘ಡ್ಯಾಂಪ್’ ಹಿಡಿಯುವುದಕ್ಕೆ ನಿಮ್ಮ ಕಡೆ ಏನಂತಾರೆ?

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಹೋದ ಮಳೆಗಾಲದಲ್ಲಿ ನಡುಮನೆ ಗೋಡೆಯ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಪೇಂಟರ್ ಅಂಗೈ ಒತ್ತಿ ನೋಡಿ ‘ಡ್ಯಾಂಪ್ ಹಿಡಿದಿದೆ’ ಅಂದರು. ಪಕ್ಕದಲ್ಲಿದ್ದ ಅಮ್ಮ ‘ಹೌದು, ಥಂಡಿ ಏರಿದೆ’ ಅಂದಳು. ಇಬ್ಬರೂ ಹೇಳಿದ್ದು ಒಂದನ್ನೇ. ಆದರೆ ಎರಡು ಪದಗಳೂ ಬಂದ ದಾರಿ ಬೇರೆ ಬೇರೆ.

ಡ್ಯಾಂಪ್ ಮೊದಲು ತೇವದ ಪದವೇ ಅಲ್ಲ. ಅದರ ಬಳಗದ ಜರ್ಮನ್ ಪದ ‘ಡಾಂಪ್ಫ್’ಗೆ ಈಗಲೂ ಹಬೆ, ಆವಿ ಅಂತಲೇ ಅರ್ಥ. ಇಂಗ್ಲಿಷಿನಲ್ಲಿ 14ನೆಯ ಶತಮಾನದಲ್ಲಿ ಅದು ಕೆಟ್ಟ ಆವಿ, ವಿಷಗಾಳಿ. ಕಲ್ಲಿದ್ದಲು ಗಣಿಯವರ ಮಾತಿನಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ. ‘ಫೈರ್‌ಡ್ಯಾಂಪ್’ ಅಂದರೆ ಹೊತ್ತಿಕೊಂಡು ಸಿಡಿಯುವ ಮೀಥೇನ್. ‘ಚೋಕ್‌ಡ್ಯಾಂಪ್’ ಅಂದರೆ ದೀಪವನ್ನೂ ಉಸಿರನ್ನೂ ಆರಿಸುವ ಗಾಳಿ. 1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಜ್ವಾಲೆಯ ಸುತ್ತ ತಂತಿಬಲೆ ಕಟ್ಟಿ ದೀಪ ಮಾಡಿದ್ದು ಈ ಫೈರ್‌ಡ್ಯಾಂಪಿನ ಭಯಕ್ಕೇ. ಕ್ರಿಯಾಪದವಾಗಿಯೂ ಅದಕ್ಕೆ ಮೊದಲಿದ್ದ ಅರ್ಥ ಉಸಿರುಗಟ್ಟಿಸು ಅಂತ. ಪಿಯಾನೊ ತಂತಿಯ ನಾದ ಅಡಗಿಸುವ ‘ಡ್ಯಾಂಪರ್’ನಲ್ಲಿ ಅದೇ ಎಳೆ ಇದೆ, ನೀರಿನ ಮಾತೇ ಇಲ್ಲ. ಈಗಿನ ತೇವದ ಅರ್ಥ ಗಟ್ಟಿಯಾದದ್ದು 18ನೆಯ ಶತಮಾನದ ಹೊತ್ತಿಗೆ.

ಇಂಗ್ಲಿಷಿನವರು ಆವಿಯಿಂದ ತೇವಕ್ಕೆ ಬಂದರು. ನಾವು ಚಳಿಯಿಂದ ಬಂದೆವು. ಶೀತ ಸಂಸ್ಕೃತದ್ದು, ಥಂಡಿ ಹಿಂದಿ, ಮರಾಠಿ ಕಡೆಯದ್ದು. ಎರಡಕ್ಕೂ ಮೂಲದಲ್ಲಿ ತಣ್ಣಗಿರುವುದು ಅಂತಲೇ ಅರ್ಥ. ಆಷಾಢದಲ್ಲಿ ಕಡ್ಡಿ ಗೀರುತ್ತೀರಿ. ಮದ್ದು ಸುಮ್ನೆ ಉದುರುತ್ತದೆ, ಕಿಡಿ ಇಲ್ಲ. ‘ಬೆಂಕಿಪೆಟ್ಟಿಗೆ ಶೀತ ಆಗಿದೆ, ಒಲೆ ಪಕ್ಕ ಇಡು’ ಅನ್ನುತ್ತೇವೆ. ಒದ್ದೆಯಾಗಿದೆ ಅನ್ನುವುದಿಲ್ಲ, ಅಲ್ವಾ? ಒದ್ದೆಯಾಗಲು ನೀರು ತಾಗಬೇಕು. ಇಲ್ಲಿ ಒಂದು ಹನಿಯೂ ತಾಗಿಲ್ಲ, ಗಾಳಿಯೇ ಒಳಹೊಕ್ಕಿದೆ.

ಡ್ಯಾಂಪಿಗೆ ಕನ್ನಡದ ಬೇರೆ ಪದ ಹುಡುಕಿದರೂ ಸರಿ ಹೊಂದುವುದಿಲ್ಲ. ಹಸಿ ಅಂದರೆ ಇನ್ನೂ ಒಣಗದ್ದು: ಹಸಿ ಅಡಿಕೆ, ಹಸಿ ಸೌದೆ. ‘ಹಸಿ ಗೋಡೆ’ ಅಂದರೆ ಹೊಸದಾಗಿ ಗಾರೆ ಮಾಡಿದ ಗೋಡೆ ಅಂತಾಗಿಬಿಡುತ್ತದೆ. ಪಸೆ ತೀರಾ ಸಣ್ಣದು, ಗಂಟಲಿನ ಪಸೆ ಆರಿತು ಅನ್ನುವಾಗಿನದ್ದು. ಘಟ್ಟದ ಕೆಳಗಿನವರ ‘ಚಂಡಿ’ ಮಳೆಯಲ್ಲಿ ನೆನೆದ ಬಟ್ಟೆಗೆ ಚೆನ್ನ. ಡ್ಯಾಂಪ್ ಅಂದರೆ ತೇವ ಅಂತ ಬರೆದು ಮುಗಿಸುವುದು ನನಗೆ ಸಾಲದು. ತೇವ ಒಳ್ಳೆಯದು, ಗದ್ದೆಗೆ ಬೇಕಾದದ್ದು. ಡ್ಯಾಂಪ್ ಬೇಡದ್ದು, ಹಿಂದೆಯೇ ಬೂಷ್ಟು ತರುವಂಥದ್ದು. ಆ ಬೇಸರ ಥಂಡಿಯಲ್ಲಿದೆ, ತೇವದಲ್ಲಿಲ್ಲ.

ಥಂಡಿ, ಶೀತ ಬರುವ ಮೊದಲು ನಮ್ಮವರು ಇದಕ್ಕೆ ಏನನ್ನುತ್ತಿದ್ದರು? ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ನೋಡಿ. ಇಂಥ ಗೋಡೆ ಮುಟ್ಟಿದಾಗ ಅವರ ಬಾಯಲ್ಲಿ ಮೊದಲು ಯಾವ ಮಾತು ಬರುತ್ತದೆ?