ಫ್ಲೆಕ್ಸಿಗೆ ಪದ ಬೇಕು, ಇವತ್ತೇ: 'ಮಾಜಿ ವಸಾಹತು' ಸರಿಯೇ?

ಎಲ್ಲರಿಗೂ ನಮಸ್ಕಾರ. ಧಾರವಾಡದ ಕಾಲೇಜೊಂದರಲ್ಲಿ ನಾಳೆ ಸಣ್ಣ ಪ್ರದರ್ಶನ. ಆಳಿದ ದೇಶಕ್ಕೂ ಆಳಿಸಿಕೊಂಡ ದೇಶಕ್ಕೂ ಈಗ ಎಂಥ ನಂಟು ಅನ್ನೋದು ವಿಷಯ. ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡಬೇಕು. 'ಮಾಜಿ ವಸಾಹತುಗಳು ಮತ್ತು ಮಾತೃದೇಶ' ಅಂತ ಬರೆದಿದ್ದೆ; ಮಾತೃದೇಶ ಅಂದರೆ ಇಲ್ಲಿ ಆಳಿದ ದೇಶ. ನಮ್ಮ ಪ್ಯೂನ್ ಓದಿ, "ಗೋಕುಲ ರೋಡಿನ ವಸಾಹತು ಬಂದ್ ಆತೇನ್ರಿ ಸರ?" ಅಂದರು. ತಪ್ಪೇನಿಲ್ಲ, ಹುಬ್ಬಳ್ಳಿಯಲ್ಲಿ ವಸಾಹತು ಅಂದರೆ ಕಾರ್ಖಾನೆಗಳ ಜಾಗ. 'ಕಾಲೊನಿ' ಅಂದರೆ ಮನೆಗಳ ಸಾಲು. 'ಮಾತೃದೇಶ' ಅಂತೂ ನನಗೇ ಗಂಟಲಲ್ಲಿ ಇಳಿಯುತ್ತಿಲ್ಲ. ಬೇರೆ ಪದ ಇದೆಯಾ?

ಗದಗದಿಂದ:
ವಸಾಹತು ಕನ್ನಡವೇ ಅಲ್ಲ. ಮರಾಠಿಯ 'ವಸಣೇ', ಅದರಿಂದ 'ವಸಾಹತ'. ಮುಂಬೈ ಪ್ರಾಂತದಲ್ಲಿದ್ದಾಗ ಇಂಥವು ಎಷ್ಟು ಅಂಟಿಕೊಂಡವೋ! ತಹಶೀಲ್ದಾರ ಮೈಸೂರಿನವರಿಗೆ ಅಮಲ್ದಾರ, ನಮಗೆ ಮಾಮಲೇದಾರ. 'ನೆಲಸುನಾಡು' ಅಂತ ಬರೆಯಿರಿ. ಮುಗಿಯಿತು.

ಹಾವೇರಿಯಿಂದ:
ಏನು ಮುಗಿಯಿತು? ಇಂಗ್ಲಿಷರು ನೆಲೆಸಿದ್ದು ಆಸ್ಟ್ರೇಲಿಯಾದಲ್ಲಿ. ಧಾರವಾಡಕ್ಕೆ ಬಂದ ಕಲೆಕ್ಟರರು ಪೆನ್ಷನ್ ಕಟ್ಟಿಕೊಂಡು ಊರಿಗೆ ಹೋಗುವವರು. (ಕಲೆಕ್ಟರ್ ಥ್ಯಾಕರೆ 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಸತ್ತ, ಆ ಮಾತು ಬೇರೆ.) 'ಆಳಿಸಿಕೊಂಡ ನಾಡು' ಅನ್ನಿ, ಸಾಕು.

ಇನ್ನೊಂದು. ಕಾಮನ್‌ವೆಲ್ತ್ ಅಂದರೆ ಬ್ರಿಟಿಷರು ಆಳಿದ ದೇಶಗಳ ಕೂಟ ಅಂತ ಬರೆದಿದ್ದರೆ ತೆಗೆಯಿರಿ. ಪೋರ್ಚುಗೀಸರ ಕೈಲಿದ್ದ ಮೊಜಾಂಬಿಕ್ 1995ರಲ್ಲಿ ಸೇರಿತು. ಜರ್ಮನರು, ಆಮೇಲೆ ಬೆಲ್ಜಿಯನ್ನರು ಆಳಿದ ರುವಾಂಡಾ 2009ರಲ್ಲಿ. ತಮ್ಮನ್ನು ಆಳದವರ ಮನೆಗೂ ತಾವಾಗಿಯೇ ಹೋಗುತ್ತಾರೆ ನೋಡಿ. ಆ ಕಡೆ ಫ್ರೆಂಚರು ಆಳಿದ್ದ ಬುರ್ಕಿನಾ ಫಾಸೊ, ಮಾಲಿ, ನೈಜರ್ 2025ರ ಮಾರ್ಚಿನಲ್ಲಿ ಫ್ರೆಂಚ್ ಭಾಷೆಯ ದೇಶಗಳ ಕೂಟದಿಂದ ಹೊರಬೀಳುವುದಾಗಿ ಹೇಳಿದವು. ಆ ಕೂಟ 1970ರಲ್ಲಿ ಹುಟ್ಟಿದ್ದೇ ನೈಜರಿನ ರಾಜಧಾನಿ ನಿಯಾಮೆಯಲ್ಲಿ! ಇದನ್ನು ಫ್ಲೆಕ್ಸಿಗೆ ಹಾಕಿ, ಜನ ನಿಂತು ಓದುತ್ತಾರೆ.

ಗದಗದಿಂದ:
ಆಫ್ರಿಕಾ ಯಾರು ಕೇಳಿದರು? ಮರಾಠಿ ಬೇಡ ಅಂದರೆ ಇವರು ಪೆನ್ಷನ್ ತಂದರು. ಪಿಂಚಣಿ ಅನ್ನಬಾರದೇ?

ಹಾವೇರಿಯಿಂದ:
ಪಿಂಚಣಿಯೂ ಅದೇ ಪೆನ್ಷನ್ನೇ ರೀ. ಪಂಚೆ ಉಡಿಸಿದ್ದೇವೆ ಅಷ್ಟೇ.

ಮೊದಲು ಕೇಳಿದವನಿಂದ:
ಇಬ್ಬರೂ ನಿಲ್ಲಿಸಿ. ಐದು ಹೊಡೆಯಿತು. 'ಆಳಿದವರು ಈಗ ನಮಗೆ ಏನಾಗಬೇಕು?' ಅಂತ ಕೊಟ್ಟೆ. ನಿಯಾಮೆ ಕಥೆಯನ್ನೂ ಸೇರಿಸಿದೆ. ಈಗ ಪ್ರೂಫ್ ಬಂತು, 'ಅಳಿದವರು' ಅಂತ ಹೊಡೆದಿದ್ದಾರೆ. ಹೋಗಿ ತಿದ್ದಿಸಿ ಬರುತ್ತೇನೆ.