ಸಹಾಯ ಬೇಕು: ಬಿಸಿಗಾಳಿ ಬಲೂನ್ ಇಳಿಯುವಾಗ ಮಂಡಿ ಬಗ್ಗಿಸಲಾಗದವರ ಸುರಕ್ಷತೆ

ಬಲೂನ್ ಹಾರಾಟದ ಅನುಭವವುಳ್ಳವರಲ್ಲಿ ವಿನಂತಿ. ಇಳಿಯುವಾಗ ಬಲೂನ್ ಸಾಗುವ ದಿಕ್ಕಿಗೆ ಬೆನ್ನು ಮಾಡಿ, ಬುಟ್ಟಿಯ ಗೋಡೆಗೆ ಒರಗಿ, ಮಂಡಿ ಬಗ್ಗಿಸಿ, ಒಳಗಿನ ಹಗ್ಗದ ಹಿಡಿಗಳನ್ನು ಬಿಗಿಯಾಗಿ ಹಿಡಿದಿರಬೇಕೆಂಬುದು ನನಗೆ ತಿಳಿದಿದೆ. ಗಾಳಿ ಜೋರಾಗಿದ್ದರೆ ಬುಟ್ಟಿಯು ನೆಲ ಮುಟ್ಟಿದ ಮೇಲೂ ಮಗುಚಿಕೊಂಡು, ಮೇಲ್ತುದಿಯ ತೆರಪಿನಿಂದ ಬಿಸಿಗಾಳಿ ಹೊರಹೋಗುವವರೆಗೆ ನೆಲದ ಮೇಲೆ ಎಳೆದುಕೊಂಡು ಹೋಗುವುದುಂಟು. ಆ ಹೊತ್ತಿನಲ್ಲಿ ಕೈ ಹೊರಚಾಚುವುದು, ಪೈಲಟ್ ಹೇಳುವ ಮುನ್ನವೇ ಇಳಿಯುವುದು ಎರಡೂ ಅಪಾಯಕರ.

ನನ್ನ ಆತಂಕವೆಲ್ಲ ತಾಯಿಯವರ ಬಗ್ಗೆ. ಮಂಡಿಯ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ನಂತರ ಅವರು ತುಸುವಷ್ಟೇ ಮಂಡಿ ಬಗ್ಗಿಸಬಲ್ಲರು. ವೈದ್ಯರನ್ನೂ ಕೇಳಲಿದ್ದೇವೆ, ಆದರೆ ಬುಟ್ಟಿಯೊಳಗಿನ ಆ ಕ್ಷಣವನ್ನು ಬಲ್ಲವರು ನೀವು. ಇಂಥವರಿಗೆ ಯಾವ ಭಂಗಿ ಸೂಕ್ತ? ಪಟ್ಟಿ ಕಟ್ಟಿಕೊಳ್ಳುವ ಆಸನವಿರುವ ಬುಟ್ಟಿಯಲ್ಲಿ ಪ್ರಯಾಣಿಸಿದವರಿದ್ದರೆ, ಇಳಿಯುವಾಗಿನ ಹೊಡೆತ ಮಂಡಿಗೆ ಎಷ್ಟು ತಟ್ಟಿತೆಂದು ದಯವಿಟ್ಟು ತಿಳಿಸಿ.